ಕರ್ಟ್ ವಾಲಾಂಡರ್‌ನ ನೆಮ್ಮದಿ ಕೆಟ್ಟದ್ದೇಕೆ?

ನಡುವಯಸ್ಸಿನ ಪೊಲೀಸ್ ಅಧಿಕಾರಿ. ಹೆಂಡತಿ ಬಿಟ್ಟುಹೋಗಿದ್ದಾಳೆ, ಮಗಳು ಯಾವಾಗಲೋ ಒಮ್ಮೆ ಫೋನ್ ಮಾಡುತ್ತಾಳೆ. ರಾತ್ರಿ ಒಬ್ಬನೇ ಕೂತು ಕುಡಿಯುತ್ತಾನೆ, ನಸುಕಿನಲ್ಲಿ ಠಾಣೆಯಿಂದ ಕರೆ ಬಂದರೆ ಎದ್ದು ಹೆಣ ನೋಡಲು ಹೊರಡುತ್ತಾನೆ. ಅಪರಾಧ ಕಾದಂಬರಿ ಓದುವವರಿಗೂ ವೆಬ್ ಸರಣಿ ನೋಡುವವರಿಗೂ ಈ ಮನುಷ್ಯ ಎಷ್ಟು ಪರಿಚಿತನೆಂದರೆ, ಅವನ ದುಃಖವನ್ನು ನಾವೀಗ ವೇಷಭೂಷಣದ ಭಾಗವೆಂದೇ ಎಣಿಸುತ್ತೇವೆ. ಕೋಟು, ಸಿಗರೇಟು, ಮುರಿದ ಮದುವೆ.

ಸ್ವೀಡನ್ನಿನ ಲೇಖಕ ಹೆನಿಂಗ್ ಮಾಂಕೆಲ್ ಬರೆದ ಕರ್ಟ್ ವಾಲಾಂಡರ್ ಸರಣಿಯ ಮಟ್ಟಿಗೆ ಹಾಗೆ ಎಣಿಸುವುದು ಅನ್ಯಾಯ. 1991ರಲ್ಲಿ ಆರಂಭವಾಗಿ 2009ರಲ್ಲಿ ಮುಗಿದ ಈ ಸರಣಿಯಲ್ಲಿ ಪತ್ತೇದಾರನ ನೆಮ್ಮದಿಗೇಡಿಗೆ ಕಾರಣಗಳಿವೆ. ಒಂದು ಪುಸ್ತಕದಲ್ಲಿ ಮಾಡಿದ್ದನ್ನು ಮುಂದಿನ ಪುಸ್ತಕದಲ್ಲಿ ಅವನು ಉಣ್ಣಲೇಬೇಕು. ಅದಕ್ಕಿಂತ ಹೆಚ್ಚಾಗಿ, ಅವನ ಕಳವಳಕ್ಕೂ ಅವನ ದೇಶದ ಕಳವಳಕ್ಕೂ ನಂಟಿದೆ. ಈ ನಂಟು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿ ನೋಡಬೇಕಾದರೆ ಕತೆಗಳ ಗುಟ್ಟು ಬಿಟ್ಟುಕೊಡಲೇಬೇಕು, ಕೊನೆಯ ಪುಸ್ತಕದ ಅಂತ್ಯವನ್ನೂ ಸೇರಿಸಿ. ಓದಿಯೇ ತಿಳಿಯಬೇಕು ಎನ್ನುವವರು ಇಲ್ಲಿಗೇ ನಿಲ್ಲಿಸಿ, ಪುಸ್ತಕಗಳನ್ನು ಮುಗಿಸಿ ಬರುವುದು ಒಳ್ಳೆಯದು.

ಮೊದಲು ದೇಶದ ವಿಚಾರ. 1986ರ ಫೆಬ್ರವರಿ 28ರ ರಾತ್ರಿ ಸ್ವೀಡನ್ನಿನ ಪ್ರಧಾನಿ ಉಲೋಫ್ ಪಾಲ್ಮೆ ಹೆಂಡತಿಯೊಂದಿಗೆ ಸಿನಿಮಾ ನೋಡಿ, ಅಂಗರಕ್ಷಕರಿಲ್ಲದೆ ಸ್ಟಾಕ್‌ಹೋಮಿನ ಬೀದಿಯಲ್ಲಿ ನಡೆದು ಹೋಗುತ್ತಿದ್ದರು. ಹಿಂದಿನಿಂದ ಬಂದವನೊಬ್ಬ ಗುಂಡು ಹೊಡೆದು ಓಡಿಹೋದ. ತನಿಖೆ ಕುರ್ದಿ ಸಂಘಟನೆಯೊಂದರ ಬೆನ್ನು ಹತ್ತಿ ಬರಿಗೈಯಲ್ಲಿ ಮರಳಿತು. 1989ರಲ್ಲಿ ಒಬ್ಬನಿಗೆ ಶಿಕ್ಷೆಯಾಯಿತು, ಅದೇ ವರ್ಷ ಮೇಲ್ಮನವಿಯಲ್ಲಿ ಅವನ ಬಿಡುಗಡೆಯೂ ಆಯಿತು. ಕೊನೆಗೆ 2020ರ ಜೂನ್‌ನಲ್ಲಿ ಸರ್ಕಾರಿ ವಕೀಲರು ಒಬ್ಬ ಶಂಕಿತನನ್ನು ಹೆಸರಿಸಿದರು. ಆತ ತೀರಿಕೊಂಡೇ 20 ವರ್ಷವಾಗಿತ್ತು, ಹಾಗಾಗಿ ಪ್ರಕರಣವನ್ನು ಮುಚ್ಚಿದರು. ಪ್ರಧಾನಿಯೇ ನಿಶ್ಚಿಂತೆಯಿಂದ ಬೀದಿಯಲ್ಲಿ ಓಡಾಡಬಹುದಾದ ದೇಶ ನಮ್ಮದು ಎಂಬ ನಂಬಿಕೆ, ಕೊಲೆಗಾರ ಯಾರೇ ಆಗಲಿ ಪೊಲೀಸರು ಹಿಡಿದೇ ಹಿಡಿಯುತ್ತಾರೆ ಎಂಬ ನಂಬಿಕೆ, ಎರಡೂ ಒಂದೇ ರಾತ್ರಿ ಅಲುಗಿದವು.

ಅದರ ಬೆನ್ನಿಗೇ ಬೇರೆ ಆಘಾತಗಳೂ ಬಂದವು. ದಕ್ಷಿಣದ ಸ್ಕೋನೆ ಪ್ರಾಂತ್ಯದ ಶೋಬೊ ಎಂಬ ಊರಿನವರು 1988ರಲ್ಲಿ ಜನಮತಗಣನೆ ನಡೆಸಿ, ನಿರಾಶ್ರಿತರು ನಮ್ಮಲ್ಲಿಗೆ ಬೇಡವೆಂದು ತೀರ್ಮಾನಿಸಿದರು. ಯುಗೊಸ್ಲಾವಿಯಾ ಒಡೆದು ಯುದ್ಧ ಶುರುವಾದಾಗ, 1992ರ ಒಂದೇ ವರ್ಷ 84 ಸಾವಿರ ಜನ ಸ್ವೀಡನ್ನಿನಲ್ಲಿ ಆಶ್ರಯ ಕೇಳಿದರು. 1991ರ ಆಗಸ್ಟ್‌ನಿಂದ 1992ರ ಜನವರಿವರೆಗೆ ಒಬ್ಬಾತ ಸ್ಟಾಕ್‌ಹೋಮ್ ಮತ್ತು ಉಪ್ಸಾಲಾದಲ್ಲಿ ವಲಸಿಗರನ್ನೇ ಹುಡುಕಿ 11 ಮಂದಿಗೆ ಗುಂಡು ಹೊಡೆದ. ಅವರಲ್ಲಿ ಒಬ್ಬರು ಸತ್ತರು. ಬ್ಯಾಂಕುಗಳು ಕುಸಿದವು. 1992ರ ಸೆಪ್ಟೆಂಬರ್‌ನಲ್ಲಿ ಕರೆನ್ಸಿಯನ್ನು ಉಳಿಸಿಕೊಳ್ಳಲು ಕೇಂದ್ರ ಬ್ಯಾಂಕು ತನ್ನ ಬಡ್ಡಿದರವನ್ನು ಕೆಲವು ದಿನ ಶೇಕಡಾ 500ಕ್ಕೆ ಏರಿಸಬೇಕಾಯಿತು. ಹುಟ್ಟಿನಿಂದ ಸಾಯುವತನಕ ಸರ್ಕಾರ ಕೈಹಿಡಿದು ನಡೆಸುತ್ತದೆ ಎಂದು ನಂಬಿ ಬದುಕಿದ್ದ ಸಮಾಜವೊಂದು ತನ್ನನ್ನು ತಾನೇ ಗುರುತು ಹಿಡಿಯಲಾಗದ ಸ್ಥಿತಿಗೆ ಬಂತು.

ಮಾಂಕೆಲ್ ಇದನ್ನು ಒಳಗಿನಿಂದಲೂ ಹೊರಗಿನಿಂದಲೂ ಕಂಡವರು. ಅವರು ಹುಟ್ಟಿದ್ದು 1948ರಲ್ಲಿ. ತಂದೆ ಉತ್ತರದ ಸ್ವೇಗ್ ಎಂಬ ಪುಟ್ಟ ಊರಿನಲ್ಲಿ ನ್ಯಾಯಾಧೀಶರು. ಮಗು ಇನ್ನೂ ಎಳೆಯದಿರುವಾಗಲೇ ತಾಯಿ ಸಂಸಾರ ಬಿಟ್ಟುಹೋಗಿದ್ದರು. ಅಪ್ಪ ಮಕ್ಕಳು ಇದ್ದದ್ದು ನ್ಯಾಯಾಲಯದ ಮೇಲ್ಮಹಡಿಯಲ್ಲಿ. ಬೆಳೆದ ಮೇಲೆ ಮಾಂಕೆಲ್ ಬದುಕಿನ ದೊಡ್ಡ ಪಾಲನ್ನು ಮೊಜಾಂಬಿಕ್‌ನ ಮಪುಟೊದಲ್ಲಿ ಒಂದು ರಂಗತಂಡ ನಡೆಸುತ್ತ ಕಳೆದರು. 1980ರ ದಶಕದ ಕೊನೆಗೆ ಆಫ್ರಿಕಾದಿಂದ ಮರಳಿದಾಗ, ತಾವಿಲ್ಲದ ಹೊತ್ತಿನಲ್ಲಿ ದೇಶದಲ್ಲಿ ಜನಾಂಗದ್ವೇಷ ಬೆಳೆದಿರುವುದು ಅವರಿಗೆ ಕಂಡಿತು. ಅದರ ಬಗ್ಗೆ ಬರೆಯಬೇಕೆಂದುಕೊಂಡರು. ಜನಾಂಗದ್ವೇಷ ತಮ್ಮ ಲೆಕ್ಕದಲ್ಲಿ ಒಂದು ಅಪರಾಧ, ಹಾಗಾದರೆ ಅಪರಾಧ ಕಾದಂಬರಿಯನ್ನೇ ಬರೆಯೋಣ ಎಂಬುದು ಅವರ ತರ್ಕ. ಅಪರಾಧ ಕಾದಂಬರಿಗೆ ಪೊಲೀಸ್ ಬೇಕು. ಇಸ್ತಾದ್ ಊರಿನ ಟೆಲಿಫೋನ್ ಡೈರೆಕ್ಟರಿ ತಿರುವಿ ಅವನಿಗೊಂದು ಹೆಸರು ಹುಡುಕಿದರು. ಮೊದಲು ವಿಷಯ ಬಂತು, ಅದನ್ನು ಹೊರುವುದಕ್ಕೆ ಮನುಷ್ಯ ಆಮೇಲೆ ಬಂದ. ಈ ಅನುಕ್ರಮ ನೆನಪಿನಲ್ಲಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಇಸ್ತಾದ್ ದೇಶದ ತೀರಾ ದಕ್ಷಿಣದ ಕಡಲತೀರದ ಒಂದು ಸಣ್ಣ ಬಂದರು. ಸುತ್ತ ಮಣ್ಣಿನ ಬಯಲು, ಸಾಸಿವೆಯಂಥ ಹಳದಿ ಹೂವಿನ ಹೊಲಗಳು, ಚಳಿಗಾಲದಲ್ಲಿ ಮುಖಕ್ಕೆ ಹೊಡೆಯುವ ಗಾಳಿ. ಬಾಲ್ಟಿಕ್ ಸಮುದ್ರದ ಆಚೆ ಪೋಲೆಂಡ್, ಅಲ್ಲಿಂದ ಇಲ್ಲಿಗೆ ಹಡಗುಗಳು ಬಂದುಹೋಗುತ್ತವೆ. 1990ರಲ್ಲಿ ಪೂರ್ವ ಯುರೋಪಿನ ಕಮ್ಯುನಿಸ್ಟ್ ಸರ್ಕಾರಗಳು ಉರುಳುತ್ತಿದ್ದಾಗ, ಹೊರಗಿನ ಪ್ರಪಂಚ ಸ್ವೀಡನ್ನಿಗೆ ಕಾಲಿಡುವ ಹೊಸ್ತಿಲು ಇಂಥ ಊರುಗಳೇ ಆಗಿದ್ದವು. ರಾಜಧಾನಿಯಿಂದ ದೂರದ, ಕೊಲೆಯೆಂದರೆ ವರ್ಷಕ್ಕೊಮ್ಮೆ ನಡೆದರೆ ಹೆಚ್ಚು ಎನ್ನುವಂಥ ಈ ಜಾಗವನ್ನು ಮಾಂಕೆಲ್ ಬೇಕೆಂದೇ ಆರಿಸಿಕೊಂಡರು.

ಸರಣಿಯ ಮೊದಲ ಕಾದಂಬರಿ, 1991ರ 'ಮುಖವಿಲ್ಲದ ಕೊಲೆಗಾರರು', ನನ್ನ ಮಟ್ಟಿಗೆ ಇಡೀ ಸರಣಿಯ ಕೀಲಿಕೈ. 1990ರ ಜನವರಿಯ ಒಂದು ರಾತ್ರಿ, ಹಳ್ಳಿಯೊಂದರಲ್ಲಿ ಮುದುಕ ರೈತನನ್ನು ಹಿಂಸಿಸಿ ಕೊಂದಿದ್ದಾರೆ. ಅವನ ಹೆಂಡತಿಯ ಕುತ್ತಿಗೆಗೆ ಕುಣಿಕೆ ಬಿಗಿದಿದ್ದಾರೆ. ಆಸ್ಪತ್ರೆಯಲ್ಲಿ ಸಾಯುವ ಮುನ್ನ ಆಕೆ ಬಿಡಿಸಿ ಹೇಳಿದ್ದು ಒಂದೇ ಮಾತು: ಪರದೇಶದವರು. ಆ ಮಾತು ಠಾಣೆಯಿಂದ ಪತ್ರಿಕೆಗೆ ಸೋರಿಹೋಗುತ್ತದೆ. ನಿರಾಶ್ರಿತರ ಶಿಬಿರಕ್ಕೆ ಬೆಂಕಿ ಬೀಳುತ್ತದೆ. ಕೊಲೆಗೆ ಯಾವ ಸಂಬಂಧವೂ ಇಲ್ಲದ ಸೊಮಾಲಿಯಾದ ಮನುಷ್ಯನೊಬ್ಬನನ್ನು ರಸ್ತೆಯಲ್ಲಿ ಗುಂಡಿಟ್ಟು ಕೊಲ್ಲುತ್ತಾರೆ.

ಜನಾಂಗದ್ವೇಷದ ವಿರುದ್ಧ ಬರೆಯಲು ಹೊರಟ ಲೇಖಕ ಇಲ್ಲಿ ಸುಲಭದ ದಾರಿ ಹಿಡಿಯಬಹುದಿತ್ತು. ಉದಾರ ಮನಸ್ಸಿನ ಪೊಲೀಸ್ ಒಬ್ಬನನ್ನು ನಿಲ್ಲಿಸಿ, ಕೊಲೆಗಾರರು ಸ್ಥಳೀಯರೇ ಎಂದು ತೋರಿಸಿ, ಓದುಗರನ್ನು ಸಮಾಧಾನಪಡಿಸಬಹುದಿತ್ತು. ಮಾಂಕೆಲ್ ಎರಡನ್ನೂ ಮಾಡಲಿಲ್ಲ. ಕೊಲೆಗಾರರು ನಿಜಕ್ಕೂ ಪರದೇಶದವರೇ. ರೈತ ಬ್ಯಾಂಕಿನಿಂದ ಹಣ ತೆಗೆಯುವುದನ್ನು ಕಂಡು ಹಿಂಬಾಲಿಸಿದ ಇಬ್ಬರು. ವಾಲಾಂಡರ್‌ನೊಳಗೂ ಕತ್ತಲೆಯಿದೆ. ಕೊಲೆಗಾರರು ಆ ಶಿಬಿರದಲ್ಲೇ ಸಿಕ್ಕಿಬಿದ್ದರೆ ಒಳ್ಳೆಯದು, ಯಾರು ಬೇಕಾದರೂ ಗಡಿ ದಾಟಿ ಬರಬಹುದೆಂಬ ಈ ಸಡಿಲ ನೀತಿಗೆ ಆಗಲಾದರೂ ಕೊನೆ ಬಿದ್ದೀತು ಎಂದು ಅವನ ಮನಸ್ಸಿನ ಒಂದು ಮೂಲೆ ಬಯಸುತ್ತದೆ. ಅದೇ ಹೊತ್ತಿಗೆ ಅವನ ಮಗಳು ಲಿಂಡಾ ಕೀನ್ಯಾದ ವೈದ್ಯಕೀಯ ವಿದ್ಯಾರ್ಥಿಯೊಬ್ಬನ ಜೊತೆಗಿದ್ದಾಳೆ, ಆ ಹುಡುಗನ ಮುಂದೆ ಹೇಗೆ ನಿಲ್ಲಬೇಕೆಂದು ಅಪ್ಪನಿಗೆ ತಿಳಿಯುತ್ತಿಲ್ಲ.

ಲೇಖಕ ತಾನು ಯಾವುದನ್ನು ಎದುರಿಸಬೇಕೆಂದು ಹೊರಟನೋ ಅದರ ಬೀಜವನ್ನು ತನ್ನ ನಾಯಕನ ಎದೆಯಲ್ಲೇ ಇಟ್ಟಿದ್ದಾನೆ. ವಾಲಾಂಡರ್‌ನ ಕಳವಳದ ಬೇರು ಇದು. ಅವನು ಊರಿನ ಅಂಜಿಕೆಯನ್ನು ಹೊರಗೆ ನಿಂತು ಪರಿಶೀಲಿಸುವ ವೈದ್ಯನಲ್ಲ, ಅದೇ ಜ್ವರ ಅವನಿಗೂ ಬಂದಿದೆ. ಆದರೂ ಸೊಮಾಲಿಯಾದವನ ಕೊಲೆಯನ್ನು ರೈತನ ಕೊಲೆಯಷ್ಟೇ ಶ್ರದ್ಧೆಯಿಂದ ಅವನು ಬೆನ್ನಟ್ಟುತ್ತಾನೆ, ಹಿಡಿಯುತ್ತಾನೆ. ಭಾವನೆ ಒಂದು ಕಡೆ ಎಳೆದರೂ ಕರ್ತವ್ಯವನ್ನು ಬಿಟ್ಟುಕೊಡದ ಈ ಹಗ್ಗಜಗ್ಗಾಟವೇ ಅವನನ್ನು ಸುಸ್ತಾಗಿಸುವುದು. ಕುಡಿತ, ನಿದ್ದೆಗೇಡು ಎಲ್ಲ ಅದರ ಹೊರಗಿನ ಲಕ್ಷಣಗಳು ಮಾತ್ರ.

ಖಾಸಗಿ ಬದುಕಿನ ಕಷ್ಟಗಳೂ ಮೊದಲ ಪುಸ್ತಕದಲ್ಲೇ ಸಾಲುಗಟ್ಟಿವೆ. ಹೆಂಡತಿ ಮೋನಾ ಬಿಟ್ಟುಹೋಗಿ ಕೆಲವೇ ತಿಂಗಳಾಗಿವೆ. ಹದಿನೈದರ ವಯಸ್ಸಿನಲ್ಲಿ ಲಿಂಡಾ ಆತ್ಮಹತ್ಯೆಗೆ ಯತ್ನಿಸಿದ್ದಳು. ಕುಡಿದು ಕಾರು ಓಡಿಸುತ್ತಿದ್ದ ವಾಲಾಂಡರ್‌ನನ್ನು ಅವನದೇ ಠಾಣೆಯವರು ತಡೆದು, ವರದಿ ಮಾಡದೆ ಬಿಟ್ಟುಬಿಡುತ್ತಾರೆ. ಆ ದೃಶ್ಯ ನನಗೆ ಬಹಳ ಮುಖ್ಯ. ಕಾನೂನು ಎಲ್ಲರಿಗೂ ಒಂದೇ ಎಂದು ನಂಬಿಸುವ ಕೆಲಸದಲ್ಲಿರುವವನು, ತನಗೊಂದು ಬೇರೆ ಕಾನೂನು ಸಿಕ್ಕಿತು ಎಂಬುದನ್ನು ಹೊತ್ತು ಬದುಕಬೇಕು. ವಿವಾಹಿತೆಯಾದ ಸರ್ಕಾರಿ ವಕೀಲೆಯ ಮೇಲೆ ಕುಡಿದ ಅಮಲಿನಲ್ಲಿ ಕೈಹಾಕಲು ಹೋಗುವುದೂ ಇದೇ ಪುಸ್ತಕದಲ್ಲಿ. ಓದುಗರು ಇವನನ್ನು ಮೆಚ್ಚಲೇಬೇಕು ಎಂಬ ಹಂಬಲ ಮಾಂಕೆಲ್‌ಗೆ ಇರಲಿಲ್ಲ.

ಇಂಥ ಪೊಲೀಸ್ ಪಾತ್ರ ಶೂನ್ಯದಿಂದ ಹುಟ್ಟಿದ್ದಲ್ಲ. ಮಾಯ್ ಶೋವಾಲ್ ಮತ್ತು ಪೇರ್ ವಾಲೋ ಎಂಬ ಜೋಡಿ 1965ರಿಂದ 1975ರವರೆಗೆ ಮಾರ್ಟಿನ್ ಬೆಕ್ ಎಂಬ ಪೊಲೀಸ್ ಅಧಿಕಾರಿಯನ್ನಿಟ್ಟುಕೊಂಡು ಹತ್ತು ಕಾದಂಬರಿ ಬರೆದಿದ್ದರು. ಹತ್ತೂ ಸೇರಿ ಒಂದೇ ದೊಡ್ಡ ಕತೆ, ಕಲ್ಯಾಣರಾಜ್ಯದ ಹೊಳಪಿನ ಅಡಿಯಲ್ಲಿ ಏನು ಕೊಳೆಯುತ್ತಿದೆ ಎಂದು ಎಡಪಂಥೀಯ ಕಣ್ಣಿನಿಂದ ಕೆದಕಿ ನೋಡುವ ಕತೆ. ಬೆಕ್‌ಗೆ ಸದಾ ಹೊಟ್ಟೆನೋವು, ಸಪ್ಪೆ ದಾಂಪತ್ಯ. ಬಿಡುವಿನಲ್ಲಿ ಹಡಗಿನ ಮಾದರಿಗಳನ್ನು ಜೋಡಿಸುತ್ತಾನೆ. ಮಾಂಕೆಲ್ ನಡೆದದ್ದು ಈ ಜಾಡಿನಲ್ಲೇ. ಆದರೆ ಬೆಕ್‌ನ ಪುಸ್ತಕಗಳಲ್ಲಿ ಲೇಖಕರಿಗೆ ಉತ್ತರ ಮೊದಲೇ ಗೊತ್ತಿದೆ: ತಪ್ಪು ವ್ಯವಸ್ಥೆಯದು. ವಾಲಾಂಡರ್‌ಗೆ ಆ ನಿಶ್ಚಯವಿಲ್ಲ. ತನ್ನ ದೇಶಕ್ಕೆ ಏನಾಗುತ್ತಿದೆ ಎಂದು ಅವನು ಕೇಳುತ್ತಲೇ ಇರುತ್ತಾನೆ, ಉತ್ತರ ಸಿಗುವುದಿಲ್ಲ.

ಸರಣಿಯ ಕಾಲಗಣನೆಯನ್ನು ಗಮನಿಸಿದರೆ ಕಳವಳದ ಯಂತ್ರ ಹೇಗೆ ತಿರುಗುತ್ತದೆಂದು ಸ್ಪಷ್ಟವಾಗುತ್ತದೆ. ಹಳೆಯ ಪತ್ತೇದಾರರಿಗೆ ವಯಸ್ಸಾಗುತ್ತಿರಲಿಲ್ಲ. ಒಂದು ಪ್ರಕರಣ ಮುಗಿದರೆ ಹಲಗೆ ಒರೆಸಿದಂತೆ, ಮುಂದಿನದಕ್ಕೆ ಹೊಸದಾಗಿ ಬರುತ್ತಿದ್ದರು. 1987ರಲ್ಲಿ ಎಡಿನ್‌ಬರೋದಲ್ಲಿ ಕೆಲಸ ಶುರುಮಾಡಿದ ಇಯನ್ ರ್‍ಯಾಂಕಿನ್‌ರ ಜಾನ್ ರೀಬಸ್‌ನಂತೆ ವಾಲಾಂಡರ್‌ಗೂ ನಿಜವಾದ ಕ್ಯಾಲೆಂಡರ್ ಪ್ರಕಾರವೇ ವಯಸ್ಸಾಗುತ್ತದೆ. 1993ರ 'ಬಿಳಿ ಸಿಂಹಿಣಿ'ಯಲ್ಲಿ ಅವನು ಒಬ್ಬ ಮನುಷ್ಯನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಬೇರೆ ಸರಣಿಯಾಗಿದ್ದರೆ ಅದು ಕೊನೆಯ ಅಧ್ಯಾಯದ ರೋಮಾಂಚನವಾಗಿ ಮುಗಿಯುತ್ತಿತ್ತು. ಇಲ್ಲಿ ಮುಂದಿನ ಪುಸ್ತಕ ತೆರೆದರೆ ವಾಲಾಂಡರ್ ವರ್ಷಕ್ಕೂ ಮೇಲ್ಪಟ್ಟು ರಜೆಯಲ್ಲಿದ್ದಾನೆ. ಡೆನ್ಮಾರ್ಕ್‌ನ ಸ್ಕಾಗೆನ್ ಕಡಲದಂಡೆಯಲ್ಲಿ ಒಬ್ಬನೇ ನಡೆಯುತ್ತಿದ್ದಾನೆ, ರಾಜೀನಾಮೆ ಕೊಡಬೇಕೆಂದಿದ್ದಾನೆ. ಪರಿಚಯದ ವಕೀಲನೊಬ್ಬ ಅಲ್ಲಿಗೇ ಹುಡುಕಿಕೊಂಡು ಬಂದು, ನನ್ನ ತಂದೆಯ ಸಾವು ಅಪಘಾತವಲ್ಲ, ಸಹಾಯ ಮಾಡು ಎಂದು ಬೇಡುತ್ತಾನೆ. ವಾಲಾಂಡರ್ ಆಗುವುದಿಲ್ಲ ಎನ್ನುತ್ತಾನೆ. ಕೆಲವು ದಿನಗಳಲ್ಲಿ ಆ ವಕೀಲನೇ ಕೊಲೆಯಾಗುತ್ತಾನೆ. ಸುದ್ದಿ ಓದಿದ ವಾಲಾಂಡರ್ ರಾಜೀನಾಮೆ ಬದಿಗಿಟ್ಟು ಕೆಲಸಕ್ಕೆ ಮರಳುತ್ತಾನೆ.

ಒಂದು ಕೊಲೆಯ ಭಾರ ಅವನನ್ನು ಕೆಲಸದಿಂದ ದೂರ ಒಯ್ಯಿತು, ದೂರವಿದ್ದದ್ದರ ಭಾರ ಮತ್ತೆ ಕೆಲಸಕ್ಕೆ ಎಳೆಯಿತು. ಆಮೇಲೆ ಬಂದ ಎಷ್ಟೋ ಸರಣಿಗಳು ವಾಲಾಂಡರ್‌ನಿಂದ ಬಾಟಲಿಯನ್ನೂ ವಿಚ್ಛೇದನವನ್ನೂ ಎತ್ತಿಕೊಂಡವು, ಈ ಸರಪಳಿಯನ್ನು ಬಿಟ್ಟವು. ಹಾಗಾಗಿಯೇ ಅವುಗಳ ನಾಯಕರ ದುಃಖ ನಮಗೆ ತಟ್ಟುವುದಿಲ್ಲ.

ದೇಹವೂ ಲೆಕ್ಕ ಇಡುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಸಿಕ್ಕಿದ್ದು ತಿಂದು, ನಿದ್ದೆಗೆಟ್ಟು ದುಡಿದ ಈ ಮನುಷ್ಯನಿಗೆ ಯಾವ ಕಾಯಿಲೆ ಬರಬೇಕು ಎಂದು ಮಾಂಕೆಲ್ ಒಬ್ಬ ವೈದ್ಯೆ ಗೆಳತಿಯನ್ನು ಕೇಳಿದರಂತೆ. ಆಕೆ ತಡಮಾಡದೆ ಸಕ್ಕರೆ ಕಾಯಿಲೆ ಎಂದರು. 1997ರ 'ಒಂದು ಹೆಜ್ಜೆ ಹಿಂದೆ'ಯಲ್ಲಿ ವಾಲಾಂಡರ್‌ಗೆ ಅದು ಪತ್ತೆಯಾಗುತ್ತದೆ. ತೀರದ ದಾಹ, ಮತ್ತೆ ಮತ್ತೆ ಮೂತ್ರಕ್ಕೆ ಹೋಗುವುದು, ತನಿಖೆಯ ನಡುವೆ ತೂಕಡಿಕೆ. ಪತ್ತೇದಾರನಿಗೆ ಗುಂಡೇಟು ಬೀಳುವುದನ್ನು ಎಷ್ಟೋ ಕಡೆ ಓದಿದ್ದೇವೆ. ಅವನಿಗೆ ಸಕ್ಕರೆ ಕಾಯಿಲೆ ಬಂದಿರುವುದನ್ನು ಓದುವಾಗ ಆಗುವ ಹತ್ತಿರದ ಭಾವವೇ ಬೇರೆ. ಮನೆಮನೆಯಲ್ಲೂ ಮಾತ್ರೆ ಡಬ್ಬಿ ಇರುವ ನಮ್ಮಂಥವರಿಗಂತೂ ಅದನ್ನು ವಿವರಿಸಬೇಕಾಗಿಲ್ಲ.

ಅದೇ ಕಾದಂಬರಿಯಲ್ಲಿ ಸಹೋದ್ಯೋಗಿ ಸ್ವೇಡ್‌ಬರ್ಗ್ ತನ್ನ ಮನೆಯಲ್ಲೇ ಕೊಲೆಯಾಗಿ ಬಿದ್ದಿರುತ್ತಾನೆ. ವರ್ಷಗಟ್ಟಲೆ ಒಂದೇ ಠಾಣೆಯಲ್ಲಿ ಜೊತೆಗೆ ಕೂತವನ ಬಗ್ಗೆ ತನಗೆ ಏನೇನೂ ತಿಳಿದಿರಲಿಲ್ಲ ಎಂಬುದು ತನಿಖೆ ಸಾಗಿದಂತೆ ವಾಲಾಂಡರ್‌ಗೆ ಅರಿವಾಗುತ್ತದೆ. ಆದರೆ ಸ್ವೇಡ್‌ಬರ್ಗ್ ಮಾತ್ರ ಇವನನ್ನು ತನ್ನ ಆಪ್ತ ಗೆಳೆಯನೆಂದು ಬೇರೆಯವರ ಬಳಿ ಹೇಳಿಕೊಂಡಿದ್ದ. ಅಪರಿಚಿತರ ಬದುಕನ್ನು ಎಳೆಎಳೆಯಾಗಿ ಬಿಡಿಸುವ ಕಣ್ಣು ಪಕ್ಕದ ಮೇಜಿನವನನ್ನು ನೋಡಿಯೇ ಇರಲಿಲ್ಲ. ಸರಣಿಯಲ್ಲಿ ನನ್ನನ್ನು ಅತಿ ಹೆಚ್ಚು ಕಲಕಿದ ಭಾಗ ಇದು. 1998ರ 'ಫೈರ್‌ವಾಲ್' ಹೊತ್ತಿಗೆ ಅವನು ವಿಚಾರಣೆಯ ಕೋಣೆಯಲ್ಲಿ ಹದಿಹರೆಯದ ಹುಡುಗಿಯೊಬ್ಬಳ ಕೆನ್ನೆಗೆ ಹೊಡೆಯುತ್ತಾನೆ, ಅದರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಅವಳು ತನ್ನ ತಾಯಿಯ ಮೇಲೆ ಕೈಮಾಡಿದ್ದಕ್ಕೆ ಹೊಡೆದದ್ದು ಎಂಬ ವಿವರ ಫೋಟೊದಲ್ಲಿಲ್ಲ.

ಇನ್ನು ಅಪ್ಪ. ಲೊಡೆರುಪ್ ಹಳ್ಳಿಯಲ್ಲಿರುವ ಮುದುಕ ಚಿತ್ರಕಾರ ಜೀವಮಾನವಿಡೀ ಒಂದೇ ಚಿತ್ರ ಬರೆದಿದ್ದಾನೆ: ಇಳಿಬಿಸಿಲಿನ ಒಂದು ಬಯಲು. ಕೆಲವದರಲ್ಲಿ ಕಾಡುಕೋಳಿಯಂಥ ಒಂದು ಹಕ್ಕಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಮಗ ಪೊಲೀಸ್ ಸೇರಿದ್ದನ್ನು ಅವನು ಎಂದೂ ಕ್ಷಮಿಸಲಿಲ್ಲ. ಯಾಕೆ ಎಂದು ಹೇಳಲೂ ಇಲ್ಲ. ಅಪ್ಪನಿಗೆ ಮರೆವಿನ ಕಾಯಿಲೆ, ಆಲ್ಝೈಮರ್, ಶುರುವಾದಾಗ ಇಬ್ಬರೂ ಕೂಡಿ ರೋಮ್‌ಗೆ ಹೋಗಿ ಬರುತ್ತಾರೆ. ಜಗಳವಿಲ್ಲದೆ ಅವರು ಜೊತೆಗೆ ಕಳೆದ ದಿನಗಳು ಬಹುಶಃ ಅವಷ್ಟೇ. ಮರಳಿದ ಸ್ವಲ್ಪ ದಿನಕ್ಕೆ, 1996ರ 'ಐದನೇ ಹೆಂಗಸು' ಕಾದಂಬರಿಯಲ್ಲಿ, ಅಪ್ಪ ತೀರಿಕೊಳ್ಳುತ್ತಾನೆ. ಆಗಲೂ ವಾಲಾಂಡರ್ ಒಂದು ಕೊಲೆ ತನಿಖೆಯ ಮಧ್ಯದಲ್ಲಿದ್ದಾನೆ.

ಸರಣಿಗೆ ದೌರ್ಬಲ್ಯಗಳಿಲ್ಲ ಎಂದಲ್ಲ. ಅಂತರರಾಷ್ಟ್ರೀಯ ಪಿತೂರಿಗಳ ಹಿಂದೆ ಹೋದಾಗಲೆಲ್ಲ ಮಾಂಕೆಲ್‌ರ ಕೈ ಸಡಿಲವಾಗುತ್ತದೆ. ದಕ್ಷಿಣ ಆಫ್ರಿಕಾದ ನಾಯಕನ ಹತ್ಯೆಯ ಸಂಚು ಇಸ್ತಾದ್‌ವರೆಗೆ ಚಾಚಿಕೊಳ್ಳುವ 'ಬಿಳಿ ಸಿಂಹಿಣಿ', ಜಗತ್ತಿನ ಹಣಕಾಸನ್ನೇ ಕೆಡವುವ ಯೋಜನೆಯ 'ಫೈರ್‌ವಾಲ್' ಎರಡೂ ಅಲ್ಲಲ್ಲಿ ನಂಬಲು ಕಷ್ಟ. ಒಂದು ಹೊಲ, ಒಂದು ಮನೆ, ಒಂದು ಸಂಸಾರದ ಸುತ್ತ ಸುತ್ತುವ ಪುಸ್ತಕಗಳೇ ಗಟ್ಟಿ. 1995ರ 'ತಪ್ಪು ಜಾಡು' ಹಳದಿ ಹೂವಿನ ಹೊಲದ ನಡುವೆ ಹುಡುಗಿಯೊಬ್ಬಳು ವಾಲಾಂಡರ್‌ನ ಕಣ್ಣೆದುರೇ ಮೈಗೆ ಬೆಂಕಿ ಹಚ್ಚಿಕೊಳ್ಳುವುದರಿಂದ ಶುರುವಾಗುತ್ತದೆ. ಇಂಗ್ಲಿಷಿಗೆ ಬಂದ ಮೇಲೆ 2001ರಲ್ಲಿ ಬ್ರಿಟನ್ನಿನ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಅದಕ್ಕೆ ಸಿಕ್ಕಿದ್ದು ನ್ಯಾಯವೇ.

ಹತ್ತು ವರ್ಷ ಬಿಟ್ಟು ಮಾಂಕೆಲ್ ಕೊನೆಯ ವಾಲಾಂಡರ್ ಕಾದಂಬರಿ 'ಕಳವಳದ ಮನುಷ್ಯ' ಬರೆದರು, 2009ರಲ್ಲಿ. ವಾಲಾಂಡರ್‌ಗೆ ಅರವತ್ತು. ಹಳ್ಳಿಯಲ್ಲಿ ಮನೆ ಕೊಂಡಿದ್ದಾನೆ, ನಾಯಿ ಸಾಕಿದ್ದಾನೆ. ಲಿಂಡಾ ಈಗ ತಾನೂ ಪೊಲೀಸ್, ಅವಳಿಗೊಂದು ಹೆಣ್ಣುಮಗು. ಲಿಂಡಾಳ ಸಂಗಾತಿಯ ತಂದೆ, ನೌಕಾಪಡೆಯ ನಿವೃತ್ತ ಅಧಿಕಾರಿ, ಇದ್ದಕ್ಕಿದ್ದಂತೆ ಕಾಣೆಯಾಗುತ್ತಾನೆ. 1980ರ ದಶಕದಲ್ಲಿ ಸ್ವೀಡನ್ನಿನ ಕರಾವಳಿಗೆ ಕದ್ದು ಬಂದ ಜಲಾಂತರ್ಗಾಮಿಗಳ ಹಳೆಯ ಪ್ರಕರಣಕ್ಕೆ ತನಿಖೆ ಹೋಗಿ ಮುಟ್ಟುತ್ತದೆ. ಸ್ವೀಡನ್ ನಿಜಕ್ಕೂ ಯಾರ ಕಡೆಗಿತ್ತು, ತನ್ನ ದೇಶದ ಬಗ್ಗೆ ತಾನು ನಂಬಿದ್ದು ಎಷ್ಟು ನಿಜ ಎಂಬ ಪ್ರಶ್ನೆ, ರಾಜಕೀಯದ ಬಗ್ಗೆ ಎಂದೂ ತಲೆಕೆಡಿಸಿಕೊಳ್ಳದ ವಾಲಾಂಡರ್‌ನ ಮುಂದೆ ಬಂದು ನಿಲ್ಲುತ್ತದೆ.

ಆದರೆ ಈ ಕಾದಂಬರಿಯ ನಿಜವಾದ ಪ್ರಕರಣ ಅವನ ತಲೆಯೊಳಗೆ ನಡೆಯುತ್ತಿದೆ. ಆರಂಭದಲ್ಲೇ ಅವನು ತನ್ನ ಸರ್ವಿಸ್ ಪಿಸ್ತೂಲನ್ನು ಹೋಟೆಲ್ಲಿನಲ್ಲಿ ಮರೆತು ಬಂದು ವಿಚಾರಣೆ ಎದುರಿಸುತ್ತಾನೆ. ಆಮೇಲೆ ಕೆಲವು ಗಳಿಗೆ ತಾನೆಲ್ಲಿದ್ದೇನೆ, ಯಾಕೆ ಬಂದೆ ಎಂಬುದೇ ತಿಳಿಯದಂತಾಗುತ್ತದೆ. ಅಪ್ಪನ ಕಾಯಿಲೆ ಮಗನಿಗೂ ಬಂದಿದೆ. ಹಳೆಯದನ್ನು ಅಗೆದು ತೆಗೆಯುವುದೇ ಕೆಲಸವಾಗಿದ್ದವನ ನೆನಪು ಕೈತಪ್ಪುತ್ತಿದೆ. ದೇಶ ತನ್ನ ಇತಿಹಾಸವನ್ನು ಅಡಗಿಸಿಟ್ಟುಕೊಂಡ ಕತೆಯೂ ಒಬ್ಬ ಮನುಷ್ಯ ತನ್ನ ಇತಿಹಾಸವನ್ನು ಕಳೆದುಕೊಳ್ಳುವ ಕತೆಯೂ ಇಲ್ಲಿ ಅಕ್ಕಪಕ್ಕ ನಡೆಯುತ್ತವೆ. ಮೊದಲ ಪುಸ್ತಕದಲ್ಲಿ ಊರಿನ ಜ್ವರ ಅವನಿಗೂ ಅಂಟಿತ್ತಲ್ಲ, ಅದೇ ವಿನ್ಯಾಸ ಇಲ್ಲಿ ಪೂರ್ತಿಯಾಗುತ್ತದೆ. ಕೊನೆಯ ಪುಟದಲ್ಲಿ ಮಾಂಕೆಲ್ ಅವನಿಗೆ ಗುಂಡೇಟಿನ ಸಾವನ್ನೂ ಕೊಡುವುದಿಲ್ಲ, ವಿದಾಯದ ಭಾಷಣವನ್ನೂ ಕೊಡುವುದಿಲ್ಲ. ಇನ್ನುಳಿದ ವರ್ಷಗಳು ಅವನಿಗೂ ಅವನ ಮಗಳಿಗೂ ಸೇರಿದವು ಎಂದು ಹೇಳಿ ನಮ್ಮನ್ನು ಹೊರಗೆ ಕಳಿಸುತ್ತಾರೆ. ಮಾಂಕೆಲ್ 2015ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಓದಬೇಕೆನ್ನುವವರಿಗೆ ಒಂದು ಕಿವಿಮಾತು. ಇಂಗ್ಲಿಷ್ ಅನುವಾದಗಳು ಬಂದದ್ದು ಮೂಲದ ಅನುಕ್ರಮದಲ್ಲಲ್ಲ. ಸ್ಕಾಗೆನ್ ದಂಡೆಯಿಂದ ಶುರುವಾಗುವ ನಾಲ್ಕನೆಯ ಪುಸ್ತಕ 'ನಗುತ್ತಿದ್ದ ಮನುಷ್ಯ' 1994ರದ್ದು, ಇಂಗ್ಲಿಷಿಗೆ ಬಂದದ್ದು 2005ರಲ್ಲಿ. ಹಾಗಾಗಿ ಇಂಗ್ಲಿಷ್ ಆವೃತ್ತಿಯ ವರ್ಷ ನೋಡಿ ಓದಲು ಹೋದರೆ ಕಾರಣಕ್ಕಿಂತ ಮುಂಚೆ ಫಲ ಬಂದುಬಿಡುತ್ತದೆ. ಸ್ವೀಡಿಷ್ ಪ್ರಕಟಣೆಯ ಕ್ರಮವನ್ನೇ ಹಿಡಿಯಿರಿ. ಒಂದೇ ಒಂದು ಪುಸ್ತಕಕ್ಕೆ ಸಮಯವಿದ್ದರೆ 'ಮುಖವಿಲ್ಲದ ಕೊಲೆಗಾರರು', ಎರಡಕ್ಕಿದ್ದರೆ ಜೊತೆಗೆ 'ಒಂದು ಹೆಜ್ಜೆ ಹಿಂದೆ'. ವಾಲಾಂಡರ್‌ನ ಹಿಂದಿನ ದಿನಗಳ ಐದು ಕತೆಗಳಿರುವ 'ಪಿರಮಿಡ್' ಕಾಲದ ಲೆಕ್ಕದಲ್ಲಿ ಎಲ್ಲಕ್ಕಿಂತ ಹಿಂದಿನದು, 1969ರ ಮಾಲ್ಮೋದಿಂದ ಆರಂಭವಾಗುತ್ತದೆ. ಆದರೂ ಅದನ್ನು ಅದು ಪ್ರಕಟವಾದ ಜಾಗದಲ್ಲಿಯೇ, 'ಫೈರ್‌ವಾಲ್' ಆದ ಮೇಲೆ ಓದಿ. ಮೋನಾಳ ಜೊತೆಗಿನ ಮೊದಲ ಜಗಳಗಳು ಎಲ್ಲಿಗೆ ಹೋಗಿ ಮುಟ್ಟಿದವು ಎಂಬುದು ಗೊತ್ತಿದ್ದವರಿಗೇ ಆ ಕತೆಗಳು ಹೆಚ್ಚು ಕೊಡುತ್ತವೆ.